ಸಗಣಿ ಒಣಗೋಕೆ ಎಷ್ಟು ದಿನ ಬೇಕು?

ಕಳೆದ ವರ್ಷದ ಫೆಸ್ಟ್ ಮುಗಿದ ಮಾರನೇ ದಿನ ಗೇಟಿನ ಹತ್ತಿರ ಕಸ ಎತ್ತಿದವರಲ್ಲಿ ನಾವೂ ಇದ್ದೆವು. ಥರ್ಮೊಕೋಲಿನ ಕಮಾನು, ಫ್ಲೆಕ್ಸು, ಹೂವು ಚುಚ್ಚಿದ್ದ ಹಸಿರು ಸ್ಪಂಜು, ಎರಡು ಗೋಣಿಚೀಲದಷ್ಟು ಜರ್ಬೆರಾ. ಎಲ್ಲವನ್ನೂ ವರ್ಕ್‌ಶಾಪ್ ಹಿಂದೆ ಗುಡ್ಡೆ ಹಾಕಿದೆವು. ಹೂವು ಒಂದೇ ವಾರಕ್ಕೆ ಕಪ್ಪಾಗಿ, ಲೋಳೆಯಾಗಿ, ಆಮೇಲೆ ಮಾಯವಾಯಿತು. ಥರ್ಮೊಕೋಲ್ ಇವತ್ತಿಗೂ ಅಲ್ಲೇ ಇದೆ. ಪುಡಿಪುಡಿಯಾಗಿ ಗಾಳಿ ಬಂದಾಗ ಹಾಸ್ಟೆಲ್ ತನಕ ಹಾರಿಕೊಂಡು ಬರುತ್ತೆ.

ಈ ಸಲ ಕಮಾನಿನ ಜವಾಬ್ದಾರಿ ಕನ್ನಡ ಸಂಘಕ್ಕೆ ಬಂದಿದೆ. ‘ಪರಿಸರಸ್ನೇಹಿ’ ಅಂತ ಬೋರ್ಡು ಹಾಕಿ ಕೈ ತೊಳೆದುಕೊಳ್ಳೋಕೆ ನಮಗೆ ಇಷ್ಟವಿರಲಿಲ್ಲ. ಕೊಳೆಯುವ, ಬೆಳೆಯುವ, ಉರಿದು ಬೂದಿಯಾಗುವ ವಸ್ತುಗಳಿಂದಲೇ ಗಂಭೀರವಾಗಿ ಕೆಲಸ ಮಾಡಿದ ಕಲಾವಿದರು ಏನು ಮಾಡಿದ್ದಾರೆ, ಯಾಕೆ ಮಾಡಿದ್ದಾರೆ ಅಂತ ಮೊದಲು ಓದಿದೆವು. ಆಮೇಲೆ ಮಧುರೆಗೆ ಹೋಗಿ ಸಗಣಿ ತಂದೆವು. ಈ ಲೇಖನ ಆ ಎರಡೂ ಕೆಲಸಗಳ ಟಿಪ್ಪಣಿ.

ಸಗಣಿಯೇ ಯಾಕೆ ಅನ್ನೋದಕ್ಕೆ ಉತ್ತರ ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಆರ್. ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನಕ್ಕೆ ಹೋಗಿ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆಯಲ್ಲೇ ಸ್ನಾತಕೋತ್ತರ ಪದವಿ ಪಡೆದು ಬಂದವರು. ಈಗಲೂ ಬೆಂಗಳೂರಿನಲ್ಲೇ ಕೆಲಸ ಮಾಡ್ತಾರೆ. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಒಳ್ಳೆಯ ಹೆಸರು ಮಾಡಬಹುದಿತ್ತು. ಆದರೆ 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಧರ್ಮದ ಹೆಸರಿನ ಗಲಭೆಗಳು ಹೊತ್ತಿ ಉರಿದ ಕಾಲದಲ್ಲಿ, ಅವರು ಬಣ್ಣ ಬಿಟ್ಟು ಸಗಣಿಗೆ ಕೈ ಹಾಕಿದರು.

ಇದನ್ನು ‘ಹಳ್ಳಿಯ ಸೊಗಡು’ ಅಂತ ಓದಿದರೆ ತಪ್ಪಾಗುತ್ತೆ. ನಮ್ಮಲ್ಲಿ ಸಗಣಿ ಒಂದೇ ಸಲಕ್ಕೆ ಎಷ್ಟೊಂದು ವಿಷಯ ನೋಡಿ. ಪೂಜೆಗೆ ಬೇಕಾದ್ದು, ನೆಲ ಸಾರಿಸೋದು, ಒಲೆಗೆ ಹಾಕೋದು, ಹೊಲಕ್ಕೆ ಚೆಲ್ಲೋದು. ಹಬ್ಬದ ದಿನ ಒಂದು ಮುದ್ದೆ ಸಗಣಿಗೆ ಗರಿಕೆ ಸಿಕ್ಕಿಸಿದರೆ ಅದು ಬೆನಕ, ದೇವರು. ಅದೇ ಸಗಣಿಯನ್ನು ಮಿಕ್ಕ ದಿನ ಬುಟ್ಟಿಯಲ್ಲಿ ತುಂಬಿ ತಲೆ ಮೇಲೆ ಹೊತ್ತು ತಿಪ್ಪೆಗೆ ಹಾಕುವವಳು ಮನೆಯ ಹೆಂಗಸು, ಇಲ್ಲಾ ಕೂಲಿಯವಳು. ಪವಿತ್ರ ಅಂತ ಭಾಷಣ ಮಾಡುವವರ ಕೈಗೆ ಅದು ಅಂಟಿದ್ದು ಕಡಿಮೆ. ಶೀಲಾ ಗೌಡ ಅವರು ಆ ವಸ್ತುವನ್ನು ಆರಿಸಿಕೊಂಡಿದ್ದರಲ್ಲಿ ಈ ಎರಡೂ ಇವೆ ಅಂತ ನಮಗನಿಸುತ್ತೆ: ಗೋವಿನ ಹೆಸರಿನ ರಾಜಕೀಯ, ಮತ್ತು ಗೋವಿನ ಹಿಂದೆ ಸಗಣಿ ಬಾಚುವವಳ ದುಡಿಮೆ. 1996ರ ‘ಮಾರ್ಟರ್ ಲೈನ್’ ಅನ್ನೋ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳನ್ನು ಎರಡು ಸಾಲಾಗಿ ನೆಲದ ಮೇಲೆ ಬಾಗಿದ ಗೆರೆಯ ಹಾಗೆ ಜೋಡಿಸಿದ್ದಾರೆ. ಎರಡು ಸಾಲಿನ ನಡುವಿನ ಸಂದಿಯಲ್ಲಿ ಕುಂಕುಮದ ಕೆಂಪು. ಹೆಸರು ನೋಡಿ ಸಿವಿಲ್‌ನವರು ನಗಬಹುದು, ಗಾರೆ ಇರಬೇಕಾದ ಕಡೆ ಕುಂಕುಮ! ಆದರೆ ಎರಡು ನಿಮಿಷ ನೋಡ್ತಾ ಇದ್ದರೆ ಅದು ಗಾರೆಯಾ ಗಾಯವಾ ಅಂತ ಗೊತ್ತಾಗದ ಹಾಗೆ ಆಗುತ್ತೆ. ಫೋಟೋದಲ್ಲಿ ನೋಡಿದ ನಮಗೇ ಹೀಗಾಯಿತು.

ಅವರ ಇನ್ನೊಂದು ಕೃತಿ ಈ ಲೇಖನಕ್ಕೆ ಇನ್ನೂ ಹತ್ತಿರದ್ದು. 2007ರ ‘ಕೊಲ್ಯಾಟರಲ್’. ಅಗರಬತ್ತಿಯ ಹಿಟ್ಟನ್ನು ಕಡ್ಡಿಗೆ ಹೊಸೆಯುವ ಬದಲು ಚಪ್ಪಟೆಯಾಗಿ, ಬೇರೆಬೇರೆ ಆಕಾರಗಳಲ್ಲಿ ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ ಬೆಂಕಿ ಹಚ್ಚೋದು. ಉರಿದು ಮುಗಿದ ಮೇಲೆ ಉಳಿಯುವ ಬೂದಿಯೇ ಕೃತಿ. ಮೇಲಿಂದ ನೋಡಿದರೆ ಬಾಂಬ್ ಬಿದ್ದ ಊರಿನ ವೈಮಾನಿಕ ಚಿತ್ರದಂತೆ ಕಾಣುತ್ತೆ. ಯುದ್ಧದಲ್ಲಿ ಗುರಿಯಲ್ಲದವರು ಸತ್ತಾಗ ಸೇನೆಗಳು ಬಳಸುವ ಮಾತು ಅದರ ಹೆಸರಲ್ಲೇ ಇದೆ. ಆ ವರ್ಷ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಡಾಕ್ಯುಮೆಂಟಾ 12ಕ್ಕೆ ಅವರಿಗೆ ಆಹ್ವಾನವಿತ್ತು.

ಅಗರಬತ್ತಿ ಹಿಟ್ಟು ಅಂದರೆ ಏನು ಅಂತ ನಮ್ಮ ಕೆಮಿಕಲ್ ಬ್ರಾಂಚಿನವರನ್ನು ಕೇಳಿದೆವು. ಇದ್ದಿಲ ಪುಡಿ, ಮರದ ಹೊಟ್ಟು, ಮತ್ತು ಅಂಟಿಗಾಗಿ ಜಿಗಟು, ಅಂದರೆ ಒಂದು ಜಾತಿಯ ಮರದ ತೊಗಟೆಯ ಪುಡಿ. ನೀರು ಸೇರಿದರೆ ಅದು ಲೋಳೆಯಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತೆ. ಹೊತ್ತಿದಾಗ ಜ್ವಾಲೆ ಏಳದೆ ಕೆಂಡ ನಿಧಾನವಾಗಿ ಹರಿದುಕೊಂಡು ಹೋಗಬೇಕು. ಆಮ್ಲಜನಕ ಒಳಗೆ ಹೋಗುವಷ್ಟು ಸಡಿಲವೂ ಇರಬೇಕು, ಬಿಸಿ ಪಕ್ಕಕ್ಕೆ ದಾಟುವಷ್ಟು ಬಿಗಿಯೂ ಇರಬೇಕು. ಈ ಹದವನ್ನು ಕೈಯಲ್ಲೇ ತಿಳಿದವರು ಬೆಂಗಳೂರು, ಮೈಸೂರು ಕಡೆ ಮನೆಯಲ್ಲೇ ಕೂತು ಸಾವಿರ ಕಡ್ಡಿಗೆ ಇಷ್ಟು ಅಂತ ಹೊಸೆಯುವ ಹೆಣ್ಣುಮಕ್ಕಳು. ನಾವು ಮೂರು ಸೆಮಿಸ್ಟರ್ ಥರ್ಮೊಡೈನಾಮಿಕ್ಸ್ ಓದಿದ್ದರೂ ನಮ್ಮ ಹಿಟ್ಟು ಅರ್ಧಕ್ಕೇ ಆರಿಹೋಯಿತು.

ಶೀಲಾ ಗೌಡ ಅವರ ವಿಷಯದಲ್ಲಿ ಇನ್ನೊಂದು ಮಾತು. 2009ರ ವೆನಿಸ್ ಬಿಯೆನ್ನಾಲೆಯಲ್ಲಿ ಅವರು ಇಟ್ಟಿದ್ದ ‘ಬಿಹೋಲ್ಡ್’ ಕೃತಿಗೆ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ ಬಳಸಿದ್ದಾರೆ. ಹರಕೆಗೆ ಮುಡಿ ಕೊಟ್ಟ ಕೂದಲು. ಅದರಿಂದ ಹೊಸೆದ ಹಗ್ಗವನ್ನು ದೃಷ್ಟಿಯಾಗದಿರಲಿ ಅಂತ ಲಾರಿ, ಕಾರುಗಳ ಬಂಪರಿಗೆ ಕಟ್ಟೋದನ್ನ ನೀವೂ ನೋಡಿರ್ತೀರ. ಅವರು ತಲೆಕೆಳಗು ಮಾಡಿದ್ದಾರೆ: ಆ ಹಗ್ಗವೇ ಉಕ್ಕಿನ ಬಂಪರುಗಳನ್ನು ಗೋಡೆಯಿಂದ ಎತ್ತಿ ಹಿಡಿದಿದೆ. ಮೆಕ್ಯಾನಿಕಲ್‌ನವರು ಒಂದು ಕೂದಲು ಎಷ್ಟು ಗ್ರಾಂ ತಡೆಯುತ್ತೆ ಅಂತ ಹಾಸ್ಟೆಲ್ಲಿನಲ್ಲೇ ಟೆಸ್ಟ್ ಮಾಡಬಹುದು. ಉತ್ತರ ನಿಮ್ಮನ್ನು ಬೆರಗಾಗಿಸುತ್ತೆ. ಆ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಟೇಟ್ ಅಂದಾಗ ಜರ್ಬೆರಾ ನೆನಪಾಗುತ್ತೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಮುತ್ತ ಪಾಲಿಹೌಸುಗಳಲ್ಲಿ ಗುಲಾಬಿ, ಜರ್ಬೆರಾ ಬೆಳೀತಾರೆ. ಅದು ಮದುವೆ ಮಂಟಪಕ್ಕೆ, ರಿಸೆಪ್ಷನ್ ಸ್ಟೇಜಿಗೆ, ನಮ್ಮ ಫೆಸ್ಟಿಗೆ ಬಂದು ಮಾರನೇ ದಿನ ಕಸವಾಗುತ್ತೆ. ಸ್ಕಾಟ್ಲೆಂಡಿನ ಆನ್ಯಾ ಗಲಾಶಿಯೋ ಅನ್ನೋ ಕಲಾವಿದೆ 1991ರಿಂದ ಇದೇ ಜರ್ಬೆರಾವನ್ನು ಗಾಜಿನ ಹಲಗೆಯ ಹಿಂದೆ ಒತ್ತಿ ಇಡ್ತಾ ಬಂದಿದ್ದಾರೆ. ಮೊದಲ ದಿನ ಕೆಂಪಗೆ, ತಾಜಾ. ಆಮೇಲೆ ಕಂದು, ಬೂಷ್ಟು, ರಸ ಸೋರಿ, ಗಾಜಿಗೆ ಅಂಟಿ, ಕೆಲವು ಜಾರಿ ನೆಲಕ್ಕೆ. ನೀರು ಹಾಕೋದಿಲ್ಲ, ಬದಲಾಯಿಸೋದಿಲ್ಲ, ಪ್ರದರ್ಶನ ಮುಗಿದ ಮೇಲೆ ಎಸೀತಾರೆ. ಕೃತಿಯ ಹೆಸರಿನಲ್ಲಿ ‘ಸೌಂದರ್ಯವನ್ನು ಕಾಪಾಡು’ ಅನ್ನೋ ಅರ್ಥವಿದೆ, ‘ಬ್ಯೂಟಿ’ ಅನ್ನೋದು ಆ ಜರ್ಬೆರಾ ತಳಿಯ ಹೆಸರೂ ಹೌದು.

ಹಾಗಾದರೆ ಟೇಟ್ ದುಡ್ಡು ಕೊಟ್ಟು ಕೊಂಡಿದ್ದು ಏನನ್ನ? ಹೂವನ್ನಂತೂ ಅಲ್ಲ. ಯಾವ ಹೂವು, ಎಷ್ಟು, ಹೇಗೆ ಜೋಡಿಸಬೇಕು ಅನ್ನೋ ಸೂಚನೆಯನ್ನ. ಕಂಪ್ಯೂಟರ್ ಸೈನ್ಸಿನ ಗೆಳೆಯನೊಬ್ಬ ತಕ್ಷಣ ಹೇಳಿದ: “ಅಂದ್ರೆ ಸೋರ್ಸ್ ಕೋಡ್ ತಗೊಂಡಿದಾರೆ ಬಿಡು, ಪ್ರತಿ ಸಲದ ಪ್ರದರ್ಶನ ಒಂದು ಹೊಸ ಬಿಲ್ಡ್.” ಹೋಲಿಕೆ ಸರಿಯಿದೆ, ಆದರೆ ಇದಕ್ಕೆ ಲಂಡನ್ ತನಕ ಹೋಗಬೇಕಿಲ್ಲ. ಕೆರೆ ಮಣ್ಣಿನ ಗಣಪ, ಬೆಂಗಳೂರಿನ ಹೂವಿನ ಕರಗ, ಅಂಗಳದ ರಂಗೋಲಿ ಎಲ್ಲವೂ ಹೀಗೇ. ವಸ್ತು ಹೋಗುತ್ತೆ, ಮಾಡುವ ಬಗೆ ಉಳಿಯುತ್ತೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಾವು ಗಣಪನನ್ನು ಕೊಳೆಯೋದರೊಳಗೆ ನೀರಿಗೆ ಬಿಟ್ಟು ಮನೆಗೆ ಬಂದುಬಿಡ್ತೀವಿ. ಗಲಾಶಿಯೋ ಕೊಳೆಯೋದನ್ನೇ ಎದುರಿಗೆ ಇಟ್ಟು ನೋಡಿ ಅಂತಾರೆ.

ಗಣಪನ ಮಾತು ಬಂದಿದ್ದಕ್ಕೆ ಸ್ವಲ್ಪ ಪಕ್ಕಕ್ಕೆ ಹೋಗ್ತೀವಿ, ಪರೀಕ್ಷೆಗೂ ಉಪಯೋಗವಾಗಬಹುದು. ಒಣಗಿದ ಹಸಿಮಣ್ಣು ನೀರಿಗೆ ಬಿದ್ದರೆ ಮತ್ತೆ ಕೆಸರಾಗುತ್ತೆ, ಯಾಕಂದ್ರೆ ಒಣಗುವಾಗ ಕಣಗಳ ನಡುವಿನ ನೀರು ಮಾತ್ರ ಹೋಗಿರುತ್ತೆ. ಅದೇ ಮಣ್ಣನ್ನು ಗೂಡಿನಲ್ಲಿ ಸುಟ್ಟರೆ, ಸುಮಾರು 500–600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಜೇಡಿಯ ಹರಳಿನ ಒಳಗೇ ಕಟ್ಟಿಕೊಂಡಿದ್ದ ನೀರೂ ಹೊರಟುಹೋಗಿ ಅದು ಮತ್ತೆಂದೂ ಮಣ್ಣಾಗೋದಿಲ್ಲ, ಹೆಂಚಾಗುತ್ತೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಇವೆರಡಕ್ಕೂ ಸೇರದ ಮೂರನೇ ಕಥೆ. ಅದು ಗಟ್ಟಿಯಾಗೋದೇ ನೀರು ಕುಡಿದು, ಮತ್ತೆ ಜಿಪ್ಸಮ್ ಆಗಿ. ಗಟ್ಟಿಯಾದ ಮೇಲೆ ಕೆರೆಗೆ ಹಾಕಿದರೆ ಸುಲಭಕ್ಕೆ ಕರಗಲ್ಲ. ‘ನೈಸರ್ಗಿಕ ವಸ್ತು’ ಅನ್ನೋ ಪದವೇ ಸಾಲದು ಅನ್ನೋದಕ್ಕೆ ಇದು ಉದಾಹರಣೆ. ಜಿಪ್ಸಮ್ ಕೂಡ ನೆಲದಿಂದ ಬಂದ ಕಲ್ಲೇ. ವಸ್ತು ಎಲ್ಲಿಂದ ಬಂತು ಅಂತ ಕೇಳಿದರೆ ಸಾಕಾಗಲ್ಲ, ಅದಕ್ಕೆ ಹಿಂದಕ್ಕೆ ಹೋಗೋಕೆ ದಾರಿ ಇದೆಯಾ ಅಂತಲೂ ಕೇಳಬೇಕು. ನಮ್ಮ ಫೆಸ್ಟಿನ ಹಸಿರು ಸ್ಪಂಜನ್ನೂ ನಾವು ಯಾವುದೋ ಪಾಚಿ ಅಂದುಕೊಂಡಿದ್ದೆವು. ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್ ನೊರೆ.

ಕೊಳೆಯೋದರ ಕಥೆ ಇಷ್ಟಾಯಿತು, ಬೆಳೆಯೋದು? ಇಟಲಿಯ ಜೂಸೆಪ್ಪೆ ಪೆನೋನೆ 1968ರಲ್ಲಿ, ನಮ್ಮಷ್ಟೇ ವಯಸ್ಸಿನಲ್ಲಿ, ಊರ ಪಕ್ಕದ ಕಾಡಿನ ಎಳೆಯ ಮರವೊಂದಕ್ಕೆ ತನ್ನ ಕೈಯ ಲೋಹದ ಅಚ್ಚನ್ನು ಹಿಡಿಸಿಬಿಟ್ಟ. ಮರ ಬೆಳೀತಾ ಹೋಯಿತು, ಲೋಹದ ಬೆರಳುಗಳು ಇದ್ದ ಜಾಗವೊಂದನ್ನು ಬಿಟ್ಟು. ವರ್ಷಗಳ ಮೇಲೆ ತೆಗೆದ ಫೋಟೋಗಳಲ್ಲಿ ಮರ ಆ ಕೈಯನ್ನು ನುಂಗುತ್ತಿರೋದು ಕಾಣುತ್ತೆ. ಕೈ ಮಾತ್ರ ಮೇಲಕ್ಕೆ ಹೋಗಿಲ್ಲ. ಮರ ಎತ್ತರಕ್ಕೆ ಬೆಳೆಯೋದು ತುದಿಯಲ್ಲಿ, ದಪ್ಪವಾಗೋದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ನಡುವಿನ ತಿರುಳು ಆಗಲೇ ಸತ್ತ ಭಾಗ. ಅದಕ್ಕೇ ಮರ ಒಳಗೆ ಟೊಳ್ಳಾದರೂ ನಿಲ್ಲುತ್ತೆ.

ಇದನ್ನು ಕಣ್ಣಾರೆ ನೋಡಬೇಕಾದರೆ ದೇವನಹಳ್ಳಿ ತಾಲೂಕಿನ ನಲ್ಲೂರು ಹುಣಸೆ ತೋಪಿಗೆ ಹೋಗಿ. 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಜಾಗ. ಶತಮಾನಗಳ ಹುಣಸೆ ಮರಗಳು ಒಳಗೆಲ್ಲ ಪೊಟರೆಯಾಗಿ, ತಿರುಚಿಕೊಂಡು, ಆದರೂ ಚಿಗುರಿ ನಿಂತಿವೆ. ಟೊಳ್ಳು ಶಾಫ್ಟ್ ಯಾಕೆ ಅಷ್ಟು ಗಟ್ಟಿ ಅನ್ನೋ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ್ದೇವೆ. ಅಲ್ಲಿ ಅದರೊಳಗೇ ನಿಂತುಕೊಳ್ಳಬಹುದು.

ಜೋಸೆಫ್ ಬಾಯ್ಸ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರ್ತೀರ. 1982ರಲ್ಲಿ ಡಾಕ್ಯುಮೆಂಟಾ 7ಕ್ಕೆ ಅವರು ಕಾಸೆಲ್‌ನ ಮ್ಯೂಸಿಯಂ ಮುಂದೆ 7000 ಬಸಾಲ್ಟ್ ಕಲ್ಲುಕಂಬಗಳನ್ನು ರಾಶಿ ಹಾಕಿಸಿದರು. ಊರಲ್ಲಿ ಒಂದು ಸಸಿ ನೆಟ್ಟರೆ ಮಾತ್ರ ರಾಶಿಯಿಂದ ಒಂದು ಕಲ್ಲು ಅದರ ಪಕ್ಕಕ್ಕೆ ಹೋಗಬೇಕು. ಅಂದರೆ ರಾಶಿಯೇ ಕೆಲಸ ಎಷ್ಟು ಬಾಕಿ ಇದೆ ಅಂತ ತೋರಿಸುವ ಮೀಟರ್. 1986ರಲ್ಲಿ ಬಾಯ್ಸ್ ತೀರಿಕೊಂಡರು, ಕೊನೆಯ ಸಸಿಯನ್ನು ಮರುವರ್ಷ ಅವರ ಮಗ ನೆಟ್ಟರು. ನೆಟ್ಟ ದಿನ ಸಸಿಗಿಂತ ಕಲ್ಲೇ ಗಟ್ಟಿಮುಟ್ಟು, ಈಗ ಕಲ್ಲು ಮರದ ಬುಡದಲ್ಲಿ ಕೂತ ಮಗುವಿನ ಹಾಗಿದೆ.

ಓದಿದಾಗ ನಮಗೆ ಮೊದಲು ಬಂದ ಹೆಸರು ಸಾಲುಮರದ ತಿಮ್ಮಕ್ಕ. ನೆಲಮಂಗಲದಿಂದ ಆಚೆ, ಕುದೂರು–ಹುಲಿಕಲ್ ರಸ್ತೆಯಲ್ಲಿ 385 ಆಲದ ಮರ. ಗಂಡ ಹೆಂಡತಿ ಇಬ್ಬರೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು. ಅದನ್ನು ಕಲೆ ಅಂತ ಅವರು ಕರೆಯಲಿಲ್ಲ, ನಾವು ಕರೆದು ದೊಡ್ಡದು ಮಾಡಬೇಕಾದ್ದೂ ಇಲ್ಲ. ಆದರೆ ಬಾಯ್ಸ್ ಹಾಕಿದ ಪ್ರಶ್ನೆಯನ್ನು ಈ ರಸ್ತೆಯೂ ಕೇಳುತ್ತೆ: ಶುರು ಮಾಡಿದವರು ಹೋದ ಮೇಲೂ ಬೆಳೀತಾ ಇರುವ ಕೆಲಸವನ್ನು ಯಾರು ನೋಡಿಕೊಳ್ಳಬೇಕು? 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಬಂದಾಗ ಈ ಮರಗಳನ್ನು ಉಳಿಸಿ ಅಂತ ತಿಮ್ಮಕ್ಕನೇ ಮುಖ್ಯಮಂತ್ರಿಗಳ ಹತ್ತಿರ ಹೋಗಬೇಕಾಯಿತು. ಆ ರಸ್ತೆಯ ಡ್ರಾಯಿಂಗ್ ಮಾಡಿದವರೂ ನಮ್ಮಂತೆ ಯಾವುದೋ ಕಾಲೇಜಿನಲ್ಲಿ ಸಿವಿಲ್ ಓದಿದವರೇ ಇರಬೇಕು.

ಇನ್ನು ನಮ್ಮ ಸಗಣಿಗೆ ಬರೋಣ. ಮಧುರೆ ಅಂದರೆ ಗೂಗಲ್ ನಮ್ಮನ್ನು ತಮಿಳುನಾಡಿನ ಮಧುರೈಗೆ ಕಳಿಸುತ್ತೆ. ಅದೂ ವ್ಯರ್ಥವಾಗಲಿಲ್ಲ, ಹೂವಿನ ಪರಾಗವನ್ನು ವರ್ಷಗಟ್ಟಲೆ ಕೈಯಲ್ಲಿ ಕೂಡಿಟ್ಟು ನೆಲದ ಮೇಲೆ ಜರಡಿ ಹಿಡಿಯುವ ಜರ್ಮನ್ ಕಲಾವಿದ ವೋಲ್ಫ್‌ಗಾಂಗ್ ಲೈಬ್ ಅವರ ಒಂದು ಸ್ಟುಡಿಯೋ ಆ ಮಧುರೈ ಹತ್ತಿರದ ಹಳ್ಳಿಯಲ್ಲಿದೆ ಅಂತ ಹೀಗೆ ಗೊತ್ತಾಯಿತು. 1975ರಿಂದ ಅವರು ಮಾಡ್ತಾ ಬಂದ ‘ಹಾಲುಗಲ್ಲು’ ಅಂದರೆ, ಮೇಲ್ಮೈಯನ್ನು ಕಂಡೂ ಕಾಣದಷ್ಟು ತಗ್ಗು ಮಾಡಿದ ಅಮೃತಶಿಲೆಯ ಹಲಗೆ. ಅದರ ತುಂಬ ದಿನಾ ಹೊಸ ಹಾಲು ಹೊಯ್ಯಬೇಕು, ದಿನಾ ತೊಳೆಯಬೇಕು. ತೊಳೆಯದಿದ್ದರೆ ಕೃತಿಯೇ ಹಳಸುತ್ತೆ. ನಮ್ಮ ಮಧುರೆ ದೊಡ್ಡಬಳ್ಳಾಪುರ ತಾಲೂಕಿನದು. ಶನಿಮಹಾತ್ಮನ ಗುಡಿಯ ಊರು ಅಂದರೆ ಎಲ್ಲರಿಗೂ ಗೊತ್ತು. ಶ್ರಾವಣದ ಶನಿವಾರ ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ. ಎಳ್ಳುಬತ್ತಿ ಉರಿದ ಮಸಿ, ಎಣ್ಣೆ ಜಿಡ್ಡು, ಬಾಡಿದ ಹೂವು, ಸಂಜೆಗೆ ಎಲ್ಲ ಗುಡಿಸಿ ಮತ್ತೆ ಮೊದಲಿಂದ.

ಊರ ಹೊರಗೆ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಬೆರಣಿ ತಟ್ಟುತ್ತಿದ್ದರು. ಎರಡು ಬಕೆಟ್ ಸಗಣಿ ಕೇಳಿದೆವು.

“ಯಾಕ್ರಪ್ಪ ನಿಮ್ಗೆ? ಕಾಲೇಜಾಗೆ ಬೆರಣಿ ತಟ್ಟಾದೂ ಕಲಿಸ್ತಾರಾ?”

“ಚಿತ್ರ ಮಾಡೋಕೆ ಅಜ್ಜಿ. ಹಲಗೆ ಥರ ಮಾಡಿ ಗೋಡೆ ಕಟ್ತೀವಿ.”

“ಹಂಗಾದ್ರೆ ಸೀಮೆಹಸೀಂದು ಬ್ಯಾಡ. ಹಿಂಡಿ-ಬೂಸ ತಿಂದು ನೀರ್‌ನೀರಾಗಿರ್ತದೆ, ನಿಲ್ಲಾಕಿಲ್ಲ. ಆ ನಾಟಿ ಹಸೀಂದು ತಗಳಿ. ಊರಾಗೆ ಇರಾದೇ ಎಲ್ಡು ಮೂರು.”

ಅಜ್ಜಿ ಒಂದೇ ಮಾತಲ್ಲಿ ಹೇಳಿದ್ದನ್ನು ನಾವು ಲ್ಯಾಬಿನ ಭಾಷೆಗೆ ತಂದುಕೊಂಡೆವು. ಹಸಿ ಸಗಣಿಯಲ್ಲಿ ನೂರಕ್ಕೆ 80ರಷ್ಟು ನೀರೇ. ಉಳಿದದ್ದರಲ್ಲಿ ಬಹುಪಾಲು ಹಸುವಿನ ಹೊಟ್ಟೆಯಲ್ಲೂ ಅರಗದ ಹುಲ್ಲಿನ ನಾರು. ಸಗಣಿಗೆ ಬಲ ಕೊಡೋದು ಆ ನಾರು. ಗ್ಲಾಸ್ ಫೈಬರ್ ಹಾಕಿದ ಕಾಂಪೋಸಿಟ್ ಹೇಗೋ ಹಾಗೆ. ಒಣಹುಲ್ಲು ಮೇಯುವ ಹಸುವಿನದರಲ್ಲಿ ನಾರು ಜಾಸ್ತಿ, ಬೂಸಾ ತಿನ್ನುವುದರಲ್ಲಿ ಕಡಿಮೆ.

ಹನ್ನೆರಡು ಹಲಗೆ ಮಾಡಿದೆವು. ನಾಲ್ಕು ಬರೀ ಸಗಣಿಯವು, ನಾಲ್ಕು ಕತ್ತರಿಸಿದ ರಾಗಿ ಹುಲ್ಲು ಸೇರಿಸಿದವು, ನಾಲ್ಕು ಕೆರೆಗೋಡು ಕಲಸಿದವು. ಸೆಮಿಸ್ಟರಿನ ಅವಸರದಲ್ಲಿ ಮೊದಲ ನಾಲ್ಕನ್ನು ಬಿಸಿಲಿಗಿಟ್ಟು ಕ್ಲಾಸಿಗೆ ಹೋದೆವು. ಸಂಜೆ ಬಂದು ನೋಡಿದರೆ ನಾಲ್ಕೂ ತಟ್ಟೆಯ ಹಾಗೆ ಬಾಗಿಕೊಂಡಿದ್ದವು. ಮೇಲ್ಮೈ ಬೇಗ ಒಣಗಿ ಕುಗ್ಗಿದೆ, ಅಡಿ ಇನ್ನೂ ಹಸಿ. ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ನೀರು ಚಿಮುಕಿಸೋದು ಯಾಕೆ ಅಂತ ವೈವಾದಲ್ಲಿ ಬಾಯಿಪಾಠ ಒಪ್ಪಿಸಿದವರೇ ಈ ಕೆಲಸ ಮಾಡಿದ್ದು. ಹುಲ್ಲು ಸೇರಿಸಿದವನ್ನು ನೆರಳಲ್ಲಿಟ್ಟು ದಿನಾ ಮಗ್ಗುಲು ಬದಲಾಯಿಸಿದೆವು. ಮಳೆಗಾಲವಾದ್ದರಿಂದ ಹನ್ನೊಂದು ದಿನ ಹಿಡಿಯಿತು. 1 ಕೆಜಿ ಇದ್ದದ್ದು 210 ಗ್ರಾಮಿಗೆ ಇಳಿಯಿತು. ಬಾಗಲಿಲ್ಲ, ಎದೆಯೆತ್ತರದಿಂದ ಬಿಟ್ಟರೂ ಒಡೆಯಲಿಲ್ಲ. ಗೋಡು ಕಲಸಿದವು ಭಾರ, ಮೈತುಂಬ ಬಿರುಕು. ಆದರೆ ಬಿರುಕು ಚೆನ್ನಾಗಿ ಕಾಣುತ್ತೆ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ. ಅವನ್ನು ಗೋಡೆಯ ಕೆಳಸಾಲಿಗೆ ಇಡೋಣ ಅಂತ ತೀರ್ಮಾನ. ಬೇಡ ಅಂದವರೂ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು ಜಗಳ ಇದಕ್ಕಿಂತ ದೊಡ್ಡದು. ನಾಲ್ಕನೇ ವಾರಕ್ಕೆ ಒಂದು ಹಲಗೆಗೆ ಗೆದ್ದಲು ಹತ್ತಿತು. ವಾರ್ನಿಷ್ ಹೊಡೆದುಬಿಡೋಣ, ವರ್ಷಗಟ್ಟಲೆ ಇರುತ್ತೆ ಅಂತ ಅರ್ಧ ಜನ. ವಾರ್ನಿಷ್ ಹೊಡೆದರೆ ಇಷ್ಟೆಲ್ಲ ಓದಿದ್ದು ಯಾಕೆ, ಥರ್ಮೊಕೋಲೇ ಸಾಕಿತ್ತಲ್ಲ ಅಂತ ಉಳಿದರ್ಧ. ಬೇವಿನ ಎಣ್ಣೆ ಸವರೋಣ ಅಂತ ಮಧ್ಯದವರು. ವಾರ್ನಿಷ್ ಹೊಡೆದ ಸಗಣಿಯನ್ನು ಅಜ್ಜಿ ಒಲೆಗೂ ಹಾಕಲಾರರು, ತಿಪ್ಪೆಗೂ ಹಾಕಲಾರರು. ಅದು ಸಗಣಿಯ ವೇಷದ ಪ್ಲಾಸ್ಟಿಕ್. ಈ ಕಾರಣಕ್ಕೆ ಬರೆಯುತ್ತಿರುವ ನಮ್ಮ ವೋಟು ಬೇವಿಗೆ, ಅದೂ ಫೆಸ್ಟಿನ ಮೂರು ದಿನದ ಮಟ್ಟಿಗೆ.

ತಟ್ಟೆಯಂತೆ ಬಾಗಿದ ನಾಲ್ಕನ್ನು ಅಜ್ಜಿಗೇ ವಾಪಸ್ ಕೊಟ್ಟೆವು. “ಚಿತ್ರ ಎಲ್ಲೈತೆ?” ಅಂದರು. ತಿರುಗಿಸಿ ನೋಡಿ, ಸ್ನಾನದ ಒಲೆ ಪಕ್ಕ ಒತ್ತರಿಸಿ ಇಟ್ಟುಕೊಂಡರು. ಗೆದ್ದಲು ಹಿಡಿದದ್ದನ್ನು ಹಾಸ್ಟೆಲ್ ಹಿಂದಿನ ನಲ್ಲಿ ಹತ್ತಿರ ಎಸೆದಿದ್ದೆವು, ಹುಲ್ಲಿನ ಜೊತೆ ಬಂದಿದ್ದ ಕಾಳಿರಬೇಕು, ಈಗ ಅದರ ಮೇಲೆ ಆರೇಳು ರಾಗಿ ಪೈರು ಬೆರಳುದ್ದ ಎದ್ದಿವೆ.

ಗೋಡೆಗೆ ಇನ್ನೂ 140 ಹಲಗೆ ಬೇಕು. ನಾಟಿ ಹಸುವಿನ ಸಗಣಿ ಅಷ್ಟು ಸಿಗೋದಿಲ್ಲ, ಆದ್ದರಿಂದ ಸೀಮೆಹಸುವಿನದಕ್ಕೆ ಹುಲ್ಲು ಹೆಚ್ಚು ಹಾಕಿ ನೋಡ್ತೀವಿ. ಶನಿವಾರ ಬೆಳಿಗ್ಗೆ 7 ಗಂಟೆಗೆ ವರ್ಕ್‌ಶಾಪ್ ಹಿಂದೆ ಕಲಸೋಕೆ ಶುರು. ಕೈಯಲ್ಲಿ ಗಾಯ ಇರುವವರು ಗ್ಲೋವ್ಸ್ ಹಾಕದೆ ಮುಟ್ಟಬೇಡಿ, ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ.